ಬೋಲೆಕ್ಸ್ ಎಚ್16: ಹೊಟ್ಟೆ ಚುರುಕು, ಕಣ್ಣು ಮಂದ

ಮೊದಲೇ ಹೇಳಿಬಿಡುತ್ತೇನೆ. ಬೋಲೆಕ್ಸ್ ಕ್ಯಾಮೆರಾಗೆ ಫಿಲಂ ಹಾಕುವುದು ಕಷ್ಟ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಅದು ಇದರ ಅತಿ ಸುಲಭದ ಕೆಲಸ. ನಿಜವಾದ ತಲೆನೋವು ಕಣ್ಣಿಡುವ ಕಿಂಡಿಯಲ್ಲಿದೆ, ಇನ್ನೊಂದು ಲೆನ್ಸಿನ ಮೇಲೆ ಕೆತ್ತಿರುವ ಎರಡು ಸಣ್ಣ ಅಕ್ಷರಗಳಲ್ಲಿದೆ. ಮಾರುವವರು ಈ ಎರಡರ ಬಗ್ಗೆ ಬಾಯಿ ಬಿಡುವುದು ಕಡಿಮೆ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಇರುವುದು ಎಚ್16 ರೆಕ್ಸ್-5. 16 ಎಂಎಂ ಫಿಲಂ ಓಡಿಸುವ ಕ್ಯಾಮೆರಾ, 1960ರ ದಶಕದ ಕೊನೆಯ ಭಾಗದ್ದು. ಬ್ಯಾಟರಿ ಇಲ್ಲ, ವೈರ್ ಇಲ್ಲ. ಕೀ ಕೊಟ್ಟರೆ ಓಡುತ್ತದೆ. ನಾನು ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಸೆಂಬ್ಲಿ ಕೆಲಸ ಮಾಡಿದವನು, ಸಿನಿಮಾದವನಲ್ಲ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಸಿನಿಮಾಟೋಗ್ರಫಿ ಓದಿದವರು ಇದನ್ನು ನೋಡಿ ನಗಬಹುದು. ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿಯಂಥ ದೊಡ್ಡ ಛಾಯಾಗ್ರಾಹಕರು ಕಲಿತ ಜಾಗ ಅದು, ನಗುವ ಹಕ್ಕು ಅವರಿಗಿದೆ. ನಾನು ಬರೆಯುತ್ತಿರುವುದು ಸ್ಪ್ರಿಂಗ್ ಗೊತ್ತಿದ್ದು ಸಿನಿಮಾ ಗೊತ್ತಿಲ್ಲದ ನನ್ನಂಥವರಿಗೆ.

ಮಗಳು, ಅಳಿಯ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿದ್ದಾರೆ. ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋದಾಗ ನನಗೆ ಹೊತ್ತು ಹೋಗುವುದಿಲ್ಲ ಅಂತ ಮಗಳಿಗೆ ಗೊತ್ತು. ಅಲ್ಲಿಯ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಇದನ್ನು ಕೊಡಿಸಿದಳು. ಬೆಲೆ ಕೇಳಿ ನಾನು ಹಿಂದೆ ಸರಿದೆ. ‘ಅಪ್ಪ, ಒಳಗಡೆ ಒಂದ್ಸಲ ನೋಡಿ’ ಅಂದಳು. ಮುಚ್ಚಳ ತೆಗೆದು ನೋಡಿದ ಮೇಲೆ ಬೇಡ ಅನ್ನುವ ಶಕ್ತಿ ನನಗೆ ಉಳಿಯಲಿಲ್ಲ.

ಈ ಕ್ಯಾಮೆರಾ ಹುಟ್ಟಿದ್ದು ಅಲ್ಲಿಂದ ಸ್ವಲ್ಪ ದೂರದಲ್ಲೇ, ಜುರಾ ಬೆಟ್ಟದ ಮೇಲಿನ ಸೇಂತ್ ಕ್ರ್ವಾ ಎಂಬ ಊರಿನಲ್ಲಿ. ಇವರ್ದೊನ್‌ನಿಂದ ಪುಟ್ಟ ರೈಲು ಹತ್ತಿ ಹೋಗಬೇಕು. ಸಾವಿರ ಮೀಟರಿಗಿಂತ ಎತ್ತರದ ಊರು, ಸಂಗೀತ ಪೆಟ್ಟಿಗೆಗಳಿಗೆ ಹೆಸರಾದದ್ದು. 1814ರಲ್ಲಿ ಶುರುವಾದ ಪಯ್ಯಾರ್ ಕಂಪನಿ ಇಲ್ಲಿ ಮೊದಲು ಗಡಿಯಾರದ ಭಾಗಗಳನ್ನು ಮಾಡುತ್ತಿತ್ತು. ಆಮೇಲೆ ಸಂಗೀತ ಪೆಟ್ಟಿಗೆ, ಆಮೇಲೆ ಗ್ರಾಮಫೋನ್, ಹರ್ಮಿಸ್ ಟೈಪ್‌ರೈಟರ್ ಕೂಡ ಇವರದೇ. 1930ರಲ್ಲಿ ಜಾಕ್ ಬೊಗೊಪೊಲ್ಸ್ಕಿ ಎಂಬ ಎಂಜಿನಿಯರ್‌ನ ಬೋಲೆಕ್ಸ್ ಕ್ಯಾಮೆರಾ ವ್ಯವಹಾರವನ್ನು ಕೊಂಡುಕೊಂಡರು. ಎಚ್16 ಬಂದದ್ದು 1935ರಲ್ಲಿ. ಲೆನ್ಸಿನ ಮೂಲಕವೇ ನೋಡುವ ರಿಫ್ಲೆಕ್ಸ್, ಅಂದರೆ ‘ರೆಕ್ಸ್’ ಮಾದರಿ ಬಂದದ್ದು 1956ರಲ್ಲಿ. ಇಷ್ಟು ಕೇಳಿದರೆ ಈ ಕ್ಯಾಮೆರಾದ ಸ್ವಭಾವ ಅರ್ಥವಾಗುತ್ತದೆ. ತಲೆಮಾರುಗಳಿಂದ ಸ್ಪ್ರಿಂಗ್ ಸುತ್ತಿದ ಕೈಗಳು ಕೊನೆಗೆ ಸಿನಿಮಾ ಯಂತ್ರ ಮಾಡಿದರೆ ಅದು ಹೀಗೇ ಇರುತ್ತದೆ.

ಈಗ ಸಜ್ಜು ಮಾಡುವ ವಿಷಯಕ್ಕೆ ಬರೋಣ.

ಫಿಲಂ ಹಾಕುವ ಮೊದಲು ವೇಗ ನೋಡಬೇಕು. ಸ್ಪೀಡ್ ಡಯಲ್ 12ರಿಂದ 64 ಫ್ರೇಮ್ ತನಕ ಇದೆ, ಸಿನಿಮಾಗೆ ಸೆಕೆಂಡಿಗೆ 24. ಹಳೇ ಕ್ಯಾಮೆರಾ ನಿಜವಾಗಿ 24ರಲ್ಲೇ ಓಡುತ್ತಿದೆಯೇ ಅಂತ ತಿಳಿಯಲು ಯಾವ ಉಪಕರಣವೂ ಬೇಡ. ಇದರ ಮೈಮೇಲೆ ಫ್ರೇಮ್ ಎಣಿಸುವ ಕೌಂಟರ್ ಇದೆ. ಕೈಯಲ್ಲಿ ಒಂದು ಸರಿಯಾದ ವಾಚ್ ಇದ್ದರೆ ಸಾಕು. ಹತ್ತು ಸೆಕೆಂಡ್ ಓಡಿಸಿ, 240 ಬರಬೇಕು. ನಾನು ನನ್ನ ಎಚ್‌ಎಂಟಿ ಜನತಾ ನೋಡಿಕೊಂಡು ಪರೀಕ್ಷೆ ಮಾಡಿದೆ. ಒಂದೆರಡು ಫ್ರೇಮ್ ಹೆಚ್ಚು ಕಡಿಮೆ, ಅಷ್ಟೇ. ಇಷ್ಟು ವಯಸ್ಸಾದ ಸ್ಪ್ರಿಂಗಿಗೆ ಇದು ಸಣ್ಣ ಮಾತಲ್ಲ.

ಇಲ್ಲಿ ವಾಚಿನವರಿಗೆ ಒಂದು ಮಾತು. ನಮ್ಮ ವಾಚಿನಲ್ಲಿ ಸ್ಪ್ರಿಂಗಿನ ಶಕ್ತಿಯನ್ನು ಎಸ್ಕೇಪ್‌ಮೆಂಟ್ ತಡೆದು ತಡೆದು ಬಿಡುತ್ತದೆ. ಇದರಲ್ಲಿ ಹಾಗಲ್ಲ, ಗ್ರಾಮಫೋನಿನಲ್ಲಿದ್ದಂತೆ ತಿರುಗುವ ಗವರ್ನರ್ ಇದೆ. ವೇಗ ಜಾಸ್ತಿಯಾದರೆ ಅದು ಅಗಲವಾಗಿ ಉಜ್ಜುತ್ತದೆ, ವೇಗ ಇಳಿಯುತ್ತದೆ. ಕೀ ಪೂರ್ತಿ ಕೊಟ್ಟರೆ 24ರಲ್ಲಿ ಸುಮಾರು 28 ಸೆಕೆಂಡ್ ಓಟ. ಸ್ಪ್ರಿಂಗ್ ಸುಸ್ತಾಗಿ ಚಿತ್ರ ನಿಧಾನವಾಗುವ ಮೊದಲೇ ಯಂತ್ರ ತಾನಾಗಿ ನಿಂತುಬಿಡುತ್ತದೆ. ಈ ಒಂದು ಏರ್ಪಾಡಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಹಳೇ ಎಣ್ಣೆ ಅಂಟಾಗಿದ್ದರೆ ಮಾತ್ರ ಯಾವ ಗವರ್ನರ್ ಇದ್ದೂ ಪ್ರಯೋಜನವಿಲ್ಲ, ಸರ್ವಿಸ್ ಮಾಡಿಸಲೇಬೇಕು. ಕೊಳ್ಳುವಾಗ 24ರಲ್ಲಿ ಓಡಿಸಿ ಶಬ್ದ ಕೇಳಿ. ಒಂದೇ ಸಮ ಇರಬೇಕು, ಏರಿಳಿತ ಇರಬಾರದು. ಒಳಗೆ ಫಿಲಂ ಇಲ್ಲದೆ 64ರಲ್ಲಿ ಓಡಿಸಿ ತೋರಿಸುವ ಅಂಗಡಿಯವರನ್ನು ತಡೆಯಿರಿ, ಅದು ಯಂತ್ರಕ್ಕೆ ಒಳ್ಳೆಯದಲ್ಲ.

ಇನ್ನು ಫಿಲಂ. ನೂರು ಅಡಿಯ ಫಿಲಂ ಕಪ್ಪು ಲೋಹದ ಸ್ಪೂಲ್ ಮೇಲೆ ಬರುತ್ತದೆ. ಕತ್ತಲ ಕೋಣೆ ಬೇಡ, ನೆರಳಿದ್ದರೆ ಸಾಕು. ಬಿಸಿಲಿನಲ್ಲಿ ಮಾತ್ರ ಬಿಚ್ಚಬೇಡಿ, ಅಂಚಿನಲ್ಲಿ ಬೆಳಕು ನುಗ್ಗುತ್ತದೆ. ನಾನು ಮಗಳ ಮನೆಯ ಮೆಟ್ಟಿಲ ಕೆಳಗಿನ ಮೂಲೆಯಲ್ಲಿ ಕೂತು ಹಾಕುತ್ತೇನೆ. ಮೊದಲು ಒಂದು ಹಾಳಾದ ರೋಲಿನ ತುಂಡು ಕೇಳಿ ಇಟ್ಟುಕೊಳ್ಳಿ. ಮುಚ್ಚಳ ತೆರೆದು, ಬೆಳಕಿನಲ್ಲಿ, ಅದನ್ನು ಹಾಕಿ ತೆಗೆದು ಕೈ ಪಳಗಿಸಿಕೊಳ್ಳಿ.

ಮುಚ್ಚಳ ತೆಗೆದರೆ ಮೇಲೊಂದು ಕೆಳಗೊಂದು ಸ್ಪೂಲ್ ಕೂರುವ ಕಡ್ಡಿ. ನಡುವೆ ಎರಡು ಹಲ್ಲಿನ ಚಕ್ರ, ಅಂದರೆ ಸ್ಪ್ರಾಕೆಟ್. ಅವುಗಳ ಮುಂದೆ ಗೇಟ್. ಗೇಟಿನಲ್ಲಿ ಫಿಲಂ ಒಂದೊಂದೇ ಫ್ರೇಮ್ ನಿಂತು ನಿಂತು ಸಾಗುತ್ತದೆ. ಸ್ಪ್ರಾಕೆಟ್ ಮಾತ್ರ ನಿಲ್ಲದೆ ತಿರುಗುತ್ತದೆ. ಈ ಎರಡು ನಡೆಗಳ ಜಗಳ ಬಿಡಿಸಲು ಗೇಟಿನ ಮೇಲೆ, ಕೆಳಗೆ ಫಿಲಂ ಸ್ವಲ್ಪ ಸಡಿಲವಾಗಿ ಬಾಗಿರಬೇಕು. ಇದೇ ಲೂಪ್. ಲೂಪ್ ಚಿಕ್ಕದಾದರೆ ಚಿತ್ರ ಕುಣಿಯುತ್ತದೆ, ಫಿಲಂ ಹರಿದರೂ ಹರಿಯಬಹುದು. ಬೇರೆ ಎಷ್ಟೋ ಕ್ಯಾಮೆರಾಗಳಲ್ಲಿ ಈ ಲೂಪನ್ನು ಬೆರಳಿನಲ್ಲಿ ಅಂದಾಜು ಮಾಡಿ ಬಿಡಬೇಕು. ಹೊಸಬರು ಅಲ್ಲೇ ಒದ್ದಾಡುವುದು.

ಬೋಲೆಕ್ಸ್ ಈ ಕೆಲಸವನ್ನು ನಮ್ಮ ಕೈಯಿಂದ ಕಿತ್ತುಕೊಂಡಿದೆ. ಗೇಟಿನ ಮೇಲೆ ಕೆಳಗೆ ಬಾಗಿದ ಎರಡು ಲೋಹದ ದಾರಿಗಳಿವೆ. ಒಂದು ಸಣ್ಣ ಲಿವರ್ ಒತ್ತಿದರೆ ಎರಡೂ ಮುಚ್ಚಿಕೊಂಡು ಸುರಂಗದಂತೆ ಆಗುತ್ತವೆ. ಫಿಲಂ ತುದಿಯನ್ನು ಕತ್ತರಿಸಲು ಒಳಗೇ ಒಂದು ಪುಟ್ಟ ಕತ್ತರಿ ಇಟ್ಟಿದ್ದಾರೆ. ತುದಿ ನೀಟಾಗಿ ಕತ್ತರಿಸಿ, ಮೇಲಿನ ಸ್ಪ್ರಾಕೆಟ್‌ಗೆ ತೋರಿಸಿ ಗುಂಡಿ ಒತ್ತಿದರೆ ಮುಗಿಯಿತು. ಫಿಲಂ ತಾನೇ ಒಳಗೆ ಹೋಗಿ, ಮೇಲಿನ ಲೂಪ್ ಮಾಡಿಕೊಂಡು, ಗೇಟ್ ದಾಟಿ, ಕೆಳಗಿನ ಲೂಪ್ ಮಾಡಿಕೊಂಡು, ಕೆಳಗಿನ ಸ್ಪ್ರಾಕೆಟ್‌ನಿಂದ ಹೊರಗೆ ಇಣುಕುತ್ತದೆ. ಅದನ್ನು ಖಾಲಿ ಸ್ಪೂಲಿನ ಸೀಳಿಗೆ ಸಿಕ್ಕಿಸಿ, ಎರಡು ಸುತ್ತು ಸುತ್ತಿ, ಲೂಪ್ ದಾರಿಗಳನ್ನು ಮತ್ತೆ ತೆರೆಯಬೇಕು. ತೆರೆದ ಮೇಲೆ ಇನ್ನೊಂದು ಸೆಕೆಂಡ್ ಓಡಿಸಿ ನೋಡಿ. ಎರಡು ಲೂಪೂ ಎಲ್ಲಿಯೂ ಉಜ್ಜದೆ ನಡುಗುತ್ತಿರಬೇಕು. ಆಮೇಲೆ ಮುಚ್ಚಳ.

ಈ ಕೆಲಸವನ್ನು ನನ್ನ ಮೊಮ್ಮಗಳು ಮಾಡುತ್ತಾಳೆ, ನನಗಿಂತ ಬೇಗ. ಅವಳಿಗೆ ಇದು ಆಟ. ಆದ್ದರಿಂದಲೇ ಹೇಳುತ್ತೇನೆ, ಫಿಲಂ ಹಾಕಲು ಬರುವುದಿಲ್ಲ ಅಂತ ಯಾರೂ ಈ ಕ್ಯಾಮೆರಾ ಬಿಡಬೇಡಿ. ಗೇಟನ್ನು ಮಾತ್ರ ಪ್ರತಿ ರೋಲಿಗೂ ಮೆದು ಬ್ರಷ್‌ನಿಂದ ಒರೆಸಿ. ಒತ್ತುವ ಪ್ಲೇಟ್ ಬಿಚ್ಚಿ ಬರುತ್ತದೆ. ಅಲ್ಲಿ ಒಂದು ಕೂದಲು ಕೂತರೆ ಸ್ಕ್ಯಾನ್‌ನಲ್ಲಿ ಅದು ಹಗ್ಗದಷ್ಟು ಕಾಣುತ್ತದೆ.

ಇಷ್ಟು ಹೊಗಳಿದೆನಲ್ಲ, ಈಗ ದೂರು.

ರೆಕ್ಸ್ ಮಾದರಿಯಲ್ಲಿ ಲೆನ್ಸಿನ ಹಿಂದೆ ಒಂದು ಗಾಜಿನ ಪ್ರಿಸಂ ಇದೆ. ಬೆಳಕಿನ ಸುಮಾರು ಕಾಲು ಭಾಗವನ್ನು ಅದು ಪಕ್ಕಕ್ಕೆ ತಿರುಗಿಸಿ ಕಣ್ಣಿಗೆ ಕಳಿಸುತ್ತದೆ, ಉಳಿದದ್ದು ಫಿಲಂಗೆ. ಕ್ಯಾಮೆರಾ ಓಡುವಾಗಲೂ ಚಿತ್ರ ಮಿನುಗುವುದಿಲ್ಲ, ಅದು ಲಾಭ. ನಷ್ಟ ಏನೆಂದರೆ ಕಾಲು ಭಾಗ ಬೆಳಕಿನಲ್ಲಿ ಏನು ಕಾಣುತ್ತದೆ? ಲೆನ್ಸಿನ ಕಿಂಡಿಯನ್ನು, ಅಂದರೆ ಬೆಳಕು ಒಳಬಿಡುವ ತೂತನ್ನು, ಎಫ್ 11ರಷ್ಟು ಚಿಕ್ಕದಕ್ಕೆ ಇಳಿಸಿದರೆ ನಡು ಮಧ್ಯಾಹ್ನವೂ ಸಂಜೆ ಏಳರಂತೆ ಕಾಣುತ್ತದೆ. ಹಾಗಾಗಿ ಪ್ರತಿ ಶಾಟ್‌ಗೂ ಒಂದು ಕ್ರಮ: ಲೆನ್ಸಿನ ಕಿಂಡಿ ಪೂರ್ತಿ ತೆರೆದು ಫೋಕಸ್ ಮಾಡಬೇಕು, ಆಮೇಲೆ ಬೇಕಾದ ಅಂಕಕ್ಕೆ ಇಳಿಸಬೇಕು. ಇಳಿಸುವುದು ಮರೆತರೆ ಚಿತ್ರ ಬೆಳ್ಳಗೆ ಸುಟ್ಟುಹೋಗುತ್ತದೆ. ನಾನು ಮುಚ್ಚಳದ ಮೇಲೆ ಬಟ್ಟೆ ಟೇಪ್ ಅಂಟಿಸಿ ‘ತೆರೆ, ನೋಡು, ಇಳಿಸು’ ಅಂತ ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಅಳಿಯನಿಗೆ ಅದನ್ನು ಕಂಡರೆ ನಗು.

ಅದಕ್ಕಿಂತ ಮುಖ್ಯ ಕಣ್ಣಿನ ಹೊಂದಾಣಿಕೆ. ಇದನ್ನು ಹೆಚ್ಚಿನವರು ಮಾಡುವುದೇ ಇಲ್ಲ. ಕಣ್ಣಿಡುವ ಕಿಂಡಿಯೊಳಗೆ ಒಂದು ಮಸುಕು ಗಾಜಿದೆ. ಚಿತ್ರ ಅದರ ಮೇಲೆ ಬೀಳುತ್ತದೆ, ನಾವು ನೋಡುವುದು ಆ ಗಾಜನ್ನು. ನಮ್ಮ ಕಣ್ಣಿಗೆ ಆ ಗಾಜೇ ಸ್ಪಷ್ಟ ಕಾಣದಿದ್ದರೆ ಲೆನ್ಸ್ ಎಷ್ಟು ತಿರುಗಿಸಿದರೂ ಸುಮ್ನೆ. ಲೆನ್ಸನ್ನು ಬೇಕೆಂದೇ ಮಸುಕು ಮಾಡಿ, ಆಕಾಶಕ್ಕೆ ಹಿಡಿಯಿರಿ. ಕಣ್ಣಿನ ಕಿಂಡಿಯ ಬಿಗಿ ಉಂಗುರ ಸಡಿಲಿಸಿ, ಗಾಜಿನ ಮೇಲಿನ ಸಣ್ಣ ಸಣ್ಣ ಕಣಗಳು ಚುಚ್ಚುವಂತೆ ಕಾಣುವ ತನಕ ತಿರುಗಿಸಿ, ಮತ್ತೆ ಬಿಗಿ ಮಾಡಿ. ಕನ್ನಡಕ ಹಾಕಿಕೊಂಡು ನೋಡುವವರಾದರೆ ಯಾವಾಗಲೂ ಹಾಕಿಕೊಂಡೇ ನೋಡಬೇಕು. ಕಣ್ಣಿನ ಪೊರೆ ಆಪರೇಷನ್ ಆದ ನನ್ನಂಥವರಿಗೆ ಇದು ತಾಳ್ಮೆ ಪರೀಕ್ಷೆ. ಇಂಥ ಒಳ್ಳೆಯ ಯಂತ್ರ ಮಾಡಿದವರು ಇನ್ನೊಂದು ಚೂರು ಬೆಳಕು ಕಣ್ಣಿಗೆ ಬಿಡಬಾರದಿತ್ತೇ ಅನ್ನಿಸುತ್ತದೆ. ಬಿಟ್ಟಿದ್ದರೆ ಫಿಲಂಗೆ ಕಡಿಮೆಯಾಗುತ್ತಿತ್ತು, ಅದೂ ಗೊತ್ತು.

ಪ್ರಿಸಂನ ಇನ್ನೊಂದು ಕಿತಾಪತಿ ಇದೆ. ಬೆಳಕು ಹೊರಗೆ ಬರುವ ದಾರಿಯಲ್ಲೇ ಒಳಗೂ ಹೋಗಬಹುದು. ಸ್ಟ್ಯಾಂಡ್ ಮೇಲೆ ಇಟ್ಟು, ಕಣ್ಣು ತೆಗೆದು ಓಡಿಸಿದರೆ ಹಿಂದಿನ ಬಿಸಿಲು ಕಣ್ಣಿಡುವ ಕಿಂಡಿಯಿಂದ ನುಗ್ಗಿ ಫಿಲಂ ಮಂಜಾಗುತ್ತದೆ. ಕಿಂಡಿ ಮುಚ್ಚಲು ಅಲ್ಲೇ ಒಂದು ಲಿವರ್ ಇದೆ, ಬಳಸಿ.

ಈಗ ಆ ಎರಡು ಅಕ್ಷರ. ಲೆನ್ಸಿನ ಮೇಲೆ ‘ಆರ್‌ಎಕ್ಸ್’ ಅಂತ ಇದೆಯೇ ನೋಡಿ. ಪ್ರಿಸಂನ ದಪ್ಪ ಗಾಜಿನ ಮೂಲಕ ಬೆಳಕು ಹಾಯುತ್ತದಲ್ಲ, ಅದಕ್ಕೆ ತಕ್ಕಂತೆ ಲೆಕ್ಕ ಹಾಕಿ ಮಾಡಿದ ಲೆನ್ಸ್ ಅದು. 50 ಎಂಎಂ ಮತ್ತು ಅದಕ್ಕಿಂತ ಚಿಕ್ಕ ಲೆನ್ಸ್ ಆದರೆ ಆರ್‌ಎಕ್ಸ್ ಇರಲೇಬೇಕು. ತಿರುಪು ಹಾಕಿ ಕೂರಿಸುವ ಮಾಮೂಲಿ ‘ಸಿ-ಮೌಂಟ್’ ಲೆನ್ಸೂ ಇದಕ್ಕೆ ಸರಿಯಾಗಿ ಕೂರುತ್ತದೆ, ಚಿತ್ರವೂ ಕಾಣುತ್ತದೆ. ಅದೇ ಮೋಸ. ಲೆನ್ಸಿನ ಕಿಂಡಿ ಅಗಲ ತೆರೆದು ತೆಗೆದರೆ ಚಿತ್ರ ಸಾಬೂನು ನೀರಿನಲ್ಲಿ ನೋಡಿದಂತೆ ಮೆತ್ತಗೆ ಬರುತ್ತದೆ. ಚೆನ್ನಾಗಿ ಇಳಿಸಿದರೆ ಪರವಾಗಿಲ್ಲ. ನನಗೆ ಕ್ಯಾಮೆರಾ ಕೊಟ್ಟ ಅಂಗಡಿಯವನು 25 ಎಂಎಂ ಸ್ವಿಟಾರ್ ಆರ್‌ಎಕ್ಸ್ ಜೊತೆಗೆ ಒಂದು ಮಾಮೂಲಿ ಅಗಲ ಕೋನದ ಲೆನ್ಸನ್ನೂ ಅದೇ ಜಾತಿಯದು ಎಂಬಂತೆ ಲೆಕ್ಕಕ್ಕೆ ಸೇರಿಸಿದ್ದ. ಮೇಲೆ ಆರ್‌ಎಕ್ಸ್ ಇಲ್ಲ ಅಂತ ತೋರಿಸಿದೆ. ಅಳಿಯ ಫ್ರೆಂಚಿನಲ್ಲಿ ಕೇಳಿದ. ‘ಕೂರುತ್ತದಲ್ಲ’ ಅಂದನಂತೆ. ಕೂರುವುದು ಬೇರೆ, ಹೊಂದುವುದು ಬೇರೆ ಅಲ್ವಾ? ಅದರ ದುಡ್ಡು ಕಳೆಸಿದೆವು. 75 ಎಂಎಂ ಯವಾರ್‌ಗೆ ಈ ತಕರಾರಿಲ್ಲ, ಉದ್ದ ಲೆನ್ಸ್ ಅದು.

ಕೆರ್ನ್ ಕಂಪನಿಯ ಆ ಸ್ವಿಟಾರ್ ಬಗ್ಗೆ ಎರಡು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಎಫ್ ಅಂಕ ತಿರುಗಿಸಿದಂತೆ ಉಂಗುರದ ಮೇಲೆ ಸಣ್ಣ ಕಿತ್ತಳೆ ಚುಕ್ಕಿಗಳು ಒಂದೊಂದಾಗಿ ಹೊರಗೆ ಬರುತ್ತವೆ. ಎಷ್ಟು ದೂರದಿಂದ ಎಷ್ಟು ದೂರದ ತನಕ ಸ್ಪಷ್ಟ ಬರುತ್ತದೆ ಅಂತ ಆ ಚುಕ್ಕಿಗಳೇ ತೋರಿಸುತ್ತವೆ. ಬಿಸಿಲಿನಲ್ಲಿ, ಕಣ್ಣಿಡುವ ಕಿಂಡಿ ಕತ್ತಲಾದಾಗ, ನಾನು ಕಣ್ಣಿಗಿಂತ ಈ ಚುಕ್ಕಿಗಳನ್ನೇ ಜಾಸ್ತಿ ನಂಬುತ್ತೇನೆ. ವಾಚ್ ಮಾಡಿದವನಾಗಿ ಹೇಳುತ್ತೇನೆ, ಇಂಥದ್ದನ್ನು ಯೋಚಿಸಿದವನಿಗೆ ಕೈ ಮುಗಿಯಬೇಕು.

ಲೆನ್ಸುಗಳು ಕೂರುವುದು ಮುಂದಿನ ತಿರುಗುವ ತಟ್ಟೆಯಲ್ಲಿ, ಮೂರು ಜಾಗ. ಖಾಲಿ ಜಾಗಕ್ಕೆ ಮುಚ್ಚಳ ಹಾಕಿ, ಇಲ್ಲದಿದ್ದರೆ ಬೆಳಕು ಸೋರುತ್ತದೆ.

ಬೆಳಕಿನ ಲೆಕ್ಕಕ್ಕೆ ಬೇರೆ ಮೀಟರ್ ಬೇಕು, ಕ್ಯಾಮೆರಾದಲ್ಲಿಲ್ಲ. 24 ಫ್ರೇಮ್‌ನಲ್ಲಿ ಶಟರ್ ತೆರೆದಿರುವುದು ಸುಮಾರು 1/65 ಸೆಕೆಂಡ್. ಪ್ರಿಸಂ ತಿನ್ನುವ ಬೆಳಕನ್ನೂ ಸೇರಿಸಿ ಮೀಟರ್‌ನಲ್ಲಿ 1/80 ಇಟ್ಟರೆ ಸರಿ. ಕೊಡ್ಯಾಕ್ 50ಡಿ (ಹಗಲು ಬೆಳಕಿಗೆ ಮಾಡಿದ್ದು) ಫಿಲಂ, ಒಳ್ಳೆಯ ಬಿಸಿಲು ಅಂದರೆ ಎಫ್ 11 ಮತ್ತು 16ರ ನಡುವೆ ಬರುತ್ತದೆ. ಹೊರಗಡೆ ತೆಗೆಯುವವರು 50ಡಿ ತಗೊಳ್ಳಿ. ಕಡಿಮೆ ಬೆಳಕಿಗೆ ಮಾಡಿದ, ಹತ್ತು ಪಟ್ಟು ಚುರುಕಾದ 500ಟಿ ಹಾಕಿಕೊಂಡು ಬಿಸಿಲಿಗೆ ಹೋದರೆ ಲೆನ್ಸಿನ ಕಿಂಡಿ ಎಷ್ಟು ಇಳಿಸಿದರೂ ಸಾಲದು, ಮೇಲೆ ಕಪ್ಪು ಫಿಲ್ಟರ್ ಹಾಕಬೇಕು. ಆಗ ಆ ಮಂದ ಕಣ್ಣು ಇನ್ನೂ ಮಂದ.

ಓಡಿಸುವ ಮೊದಲು ಇನ್ನೂ ಎರಡು ಗುಂಡಿ ನೋಡಬೇಕು. ಒಂದು, ಶಟರನ್ನು ಚಿಕ್ಕದು ಮಾಡುವ ಲಿವರ್. ಅದು ಪೂರ್ತಿ ತೆರೆದಿರಬೇಕು. ಪ್ರಿಸಂ ಇರುವುದು ಶಟರಿನ ಮುಂದೆ. ಹಾಗಾಗಿ ಶಟರ್ ಮುಚ್ಚಿದ್ದರೂ ಕಿಂಡಿಯಲ್ಲಿ ಚಿತ್ರ ಚೆನ್ನಾಗೇ ಕಾಣುತ್ತದೆ, ಫಿಲಂ ಮೇಲೆ ಮಾತ್ರ ಏನೂ ಬೀಳುವುದಿಲ್ಲ. ಇನ್ನೊಂದು ‘ಐ’ ಮತ್ತು ‘ಟಿ’ ಎಂಬ ಗುಂಡಿ. ‘ಐ’ ಮೇಲಿರಲಿ. ‘ಟಿ’ ಒಂದೊಂದೇ ಫ್ರೇಮನ್ನು ಬೇಕಾದಷ್ಟು ಹೊತ್ತು ತೆರೆದಿಡಲು.

ಮೋಟರ್ ಬಿಡಿಸಿ, ಹಿಡಿಕೆ ಹಾಕಿ ಫಿಲಂ ಹಿಂದಕ್ಕೂ ಸುತ್ತಬಹುದು. ಒಂದು ಸುತ್ತಿಗೆ ಎಂಟು ಫ್ರೇಮ್. ಒಂದರ ಮೇಲೊಂದು ಚಿತ್ರ ಬರಿಸುವ ಆಟವೆಲ್ಲ ಹೀಗೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಮೊಮ್ಮಗಳಿಗೆ ಇದೆ, ಅಜ್ಜಿಯನ್ನು ಎರಡು ಮಾಡಿ ತೋರಿಸಬೇಕಂತೆ.

ಖರ್ಚಿನ ಮಾತು. ಕ್ಯಾಮೆರಾದ ಬೆಲೆ ಒಂದೇ ಸಲದ್ದು, ಫಿಲಂ ಹಾಗಲ್ಲ. ನೂರು ಅಡಿ ಅಂದರೆ 4000 ಫ್ರೇಮ್, 24ರಲ್ಲಿ 2 ನಿಮಿಷ 46 ಸೆಕೆಂಡ್. ಫಿಲಂ, ತೊಳೆಸುವುದು, ಸ್ಕ್ಯಾನ್ ಎಲ್ಲ ಸೇರಿದರೆ ಅಲ್ಲಿ ನಮಗೆ ರೋಲಿಗೆ ನೂರು ಫ್ರಾಂಕ್ ದಾಟುತ್ತದೆ. ಫೋನಿನಲ್ಲಿ ತೆಗೆದ ಹಾಗೆ ತೆಗೆಯುವವರಿಗೆ ಇದು ಆಗಿಬರುವುದಿಲ್ಲ. ಮದುವೆ ಮನೆ, ಓಡಾಡುವ ಮಕ್ಕಳು, ಸಂಜೆಯ ಪೂಜೆ ಇಂಥದ್ದನ್ನು ತೆಗೆಯುವ ಆಸೆ ಇದ್ದರೂ ಬೇಡ. ಶಬ್ದ ಬರುವುದಿಲ್ಲ, ಯಂತ್ರ ಮಾತ್ರ ಹೊಲಿಗೆ ಮೆಷಿನ್ ಸದ್ದು ಮಾಡುತ್ತದೆ, 28 ಸೆಕೆಂಡಿಗೊಮ್ಮೆ ಕೀ ಕೊಡಲು ನಿಲ್ಲಬೇಕು. ಲೆನ್ಸ್ ಸೇರಿ ಮೂರು ಕೆಜಿ ತೂಕ, ಕೈಯಲ್ಲಿ ಹಿಡಿದರೆ ನನ್ನ ವಯಸ್ಸಿಗೆ ನಡುಗುತ್ತದೆ. ಕೆಳಭಾಗ ಸಮತಟ್ಟಾಗಿದೆ, ಗಟ್ಟಿ ಸ್ಟ್ಯಾಂಡ್ ಮೇಲೆ ಚೆನ್ನಾಗಿ ಕೂರುತ್ತದೆ. ನಿಂತ ಕಡೆ ನಿಂತು, ನೋಡಿ, ಯೋಚಿಸಿ ತೆಗೆಯುವವರಿಗೆ ಹೇಳಿ ಮಾಡಿಸಿದ ಯಂತ್ರ.

ಊರಿಗೆ ತರುವವರಿಗೆ: ತೊಳೆಸದ ಫಿಲಂ ಇದ್ದರೆ ಏರ್‌ಪೋರ್ಟಿನ ಹೊಸ ಸಿಟಿ ಸ್ಕ್ಯಾನರ್‌ಗೆ ಹಾಕಬೇಡಿ, ಚೆಕ್-ಇನ್ ಸೂಟ್‌ಕೇಸಿನಲ್ಲಂತೂ ಬೇಡವೇ ಬೇಡ. ಕೈಯಲ್ಲಿ ಪರೀಕ್ಷೆ ಮಾಡಿ ಅಂತ ಕೇಳಿಕೊಳ್ಳಬೇಕು. ನಾವು ಅಲ್ಲೇ ತೊಳೆಸಿ, ಸ್ಕ್ಯಾನ್ ಮಾಡಿಸಿ, ಆಮೇಲೆ ತರುತ್ತೇವೆ. ಕ್ಯಾಮೆರಾವನ್ನು ಕೀ ಬಿಚ್ಚಿದ ಸ್ಥಿತಿಯಲ್ಲೇ ಎತ್ತಿಡಿ, ಸ್ಪ್ರಿಂಗ್ ಬಿಗಿಯಾಗಿ ತಿಂಗಳುಗಟ್ಟಲೆ ಇರುವುದು ಬೇಡ.

ಐದಕ್ಕೆ ನಾಲ್ಕು ನಕ್ಷತ್ರ. ಒಂದು ಕಳೆದದ್ದು ಆ ಕಿಂಡಿಗೆ. ಕೊಳ್ಳುವಾಗ ಕ್ಯಾಮೆರಾ ಜೊತೆ ಒಂದು ಖಾಲಿ ನೂರಡಿ ಸ್ಪೂಲ್ ಕೇಳಿ ತಗೊಳ್ಳಿ. ಅದಿಲ್ಲದೆ ಮೊದಲ ರೋಲ್ ಓಡಿಸಲು ಆಗುವುದಿಲ್ಲ. ಒಮ್ಮೆ ಓಡಿಸಿದ ಮೇಲೆ ಮೇಲಿನ ಸ್ಪೂಲ್ ಖಾಲಿಯಾಗುತ್ತದೆ, ಮುಂದಿನ ರೋಲಿಗೆ ಅದೇ ಸಾಕು.